ಸ್ಯಾಮ್‌ನ ನಾನು ಎಷ್ಟು ಸಲ ಸಾಯಿಸಿದೀನಿ

ನನ್ನ ತಂಗಿ ಏಳನೇ ಕ್ಲಾಸಲ್ಲಿದ್ದಾಗ ರಾತ್ರಿ ಊಟ ಆದ್ಮೇಲೆ ಅವಳಿಗೆ ಲಾರ್ಡ್ ಆಫ್ ದಿ ರಿಂಗ್ಸ್ ಕಥೆ ಹೇಳ್ತಿದ್ದೆ, ಪುಸ್ತಕ ತೊಡೆ ಮೇಲಿಟ್ಕೊಂಡು ಓದ್ತಾ ಓದ್ತಾ ಹಾಗೇ ನಮ್ಮ ಮಾತಿಗೆ ತಂದ್ಕೊಂಡು. ಕೆಡುಕಿನ ಉಂಗುರನ ಬೆಂಕಿಬೆಟ್ಟಕ್ಕೆ ಎಸೆದು ನಾಶ ಮಾಡೋಕೆ ಫ್ರೋಡೊ ಹೊರಟಿರ್ತಾನೆ, ಜೊತೆಗೆ ಅವನ ಆಳು ಸ್ಯಾಮ್. ದಾರೀಲಿ ಶೆಲಾಬ್ ಅನ್ನೋ ಆ ದೈತ್ಯ ಜೇಡ ಫ್ರೋಡೊನ ಕುಟುಕುತ್ತೆ, ಅವನು ಸತ್ತೇ ಹೋದ ಅನ್ಕೊಂಡು ಸ್ಯಾಮ್ ಅವನ ತಣ್ಣಗಾದ ಹಣೆಗೆ ಮುತ್ತಿಟ್ಟು ಕೊರಳಲ್ಲಿದ್ದ ಉಂಗುರದ ಸರ ತೆಗೆದು ತಾನು ಹಾಕ್ಕೊಳ್ತಾನಲ್ಲ, ಅಲ್ಲಿಗೆ ಬಂದಾಗ ಅವಳು ಹೊದಿಕೆ ಬಾಯಿಗೆ ಒತ್ಕೊಂಡು ಅಳ್ತಿದ್ಲು. ಆಮೇಲೆ ವೈರಿ ಕಡೆಯ ರಾಕ್ಷಸ ಸೈನಿಕರು, ಓರ್ಕ್‌ಗಳು ಬರ್ತವೆ, ಸ್ಯಾಮ್ ಉಂಗುರ ತೊಟ್ಟು ಮಾಯ ಆಗ್ತಾನೆ, ತೊಟ್ಟಿದ್ರಿಂದಲೋ ಏನೋ ಅವುಗಳ ಭಾಷೆ ಅವನಿಗೆ ತಿಳಿಯುತ್ತೆ, ಶೆಲಾಬ್ ಸತ್ತ ಮಾಂಸ ತಿನ್ನಲ್ಲ, ಇವನಿಗಿನ್ನೂ ಜೀವ ಇದೆ ಅಂತ ಒಂದು ಓರ್ಕ್ ಇನ್ನೊಂದಕ್ಕೆ ಹೇಳೋದು ಕಿವಿಗೆ ಬೀಳುತ್ತೆ. ತಂಗಿ ಎದ್ದು ಕೂತ್ಲು. "ಅಕ್ಕಾ, ಆ ಮಾತು ಅವ್ನಿಗೆ ಕೇಳಿಸ್ದೇ ಇದ್ದಿದ್ರೆ?"

ಅವತ್ತಿಂದ ಶುರುವಾಗಿದ್ದು ಇದು. ಆ ಕಥೆಲಿ ನನಗೆ ಎಲ್ಲರಿಗಿಂತ ಹತ್ರದೋನು ಸ್ಯಾಮ್, ತೋಟದ ಕೆಲಸದ ಹುಡುಗ, ಆದ್ರೂ ನಿದ್ದೆ ಬರದ ರಾತ್ರಿಗಳಲ್ಲಿ ನಾನು ಕೆಟ್ಟ ಗತಿ ಕಲ್ಪಿಸ್ಕೊಳ್ಳೋದು ಅವನಿಗೇನೇ.

ಒಂದರಲ್ಲಿ ಅವನು ಎಲ್ಫ್ ಒಡತಿ ಗ್ಯಾಲಡ್ರಿಯಲ್‌ಳ ಮಾಯಾಕನ್ನಡೀಲಿ ಅಪ್ಪ ತಳ್ಳುಗಾಡಿ ತಳ್ಕೊಂಡು ಹೋಗೋದು ನೋಡಿ ತಡ್ಕೊಳ್ಳೋಕಾಗ್ದೆ ಊರಿಗೆ ವಾಪಸ್ ಹೋಗ್ಬಿಡ್ತಾನೆ. ಇದು ಜಾಸ್ತಿ ಹೊತ್ತು ನಿಲ್ಲಲ್ಲ, ಸ್ಯಾಮ್ ಫ್ರೋಡೊನ ಬಿಟ್ಟು ಹೋಗೋದು ನನ್ನ ತಲೆಗೇ ಹತ್ತಲ್ಲ.

ನಿಲ್ಲೋದು ತಂಗಿ ಕೇಳಿದ್ದು. ಆ ಮಾತು ಕೇಳಿಸ್ಲಿಲ್ಲ, ಸ್ಯಾಮ್ ಒಬ್ಬನೇ ವೈರಿಯ ನಾಡು ಮೊರ್ಡೋರ್‌ಗೆ ಇಳಿದ. ಪುಸ್ತಕದಲ್ಲೇ ಉಂಗುರ ಅವನಿಗೆ ಆಸೆ ತೋರಿಸುತ್ತೆ, ಗೊರ್ಗೊರೋತ್ ಅನ್ನೋ ಆ ಬರಡು ಬಯಲೆಲ್ಲ ನೀನು ಹೇಳಿದ್ರೆ ಹೂತೋಟ ಆಗುತ್ತೆ ಅಂತ. ನಿಜವಾದ ಸ್ಯಾಮ್ ಅದನ್ನ ತಳ್ಳಿಹಾಕ್ತಾನೆ, ಯಾಕಂದ್ರೆ ಧಣಿ ಮೇಲಿನ ಪ್ರೀತಿ ಇದೆ, ತನ್ನ ಕೈಯಾರೆ ಮಾಡೋ ಒಂದು ಸಣ್ಣ ತೋಟ ಸಾಕು ಅನ್ನೋ ಬುದ್ಧಿ ಇದೆ. ಆದ್ರೆ ಧಣಿ ಸತ್ತ ಅಂತ ನಂಬಿರೋ ಸ್ಯಾಮ್‌ಗೆ? ಬೆಂಕಿಬೆಟ್ಟದ ಬಾಯಲ್ಲಿ ನಿಂತು ಅವನು ಆ ತೋಟಾನೇ ಆರಿಸ್ಕೊಳ್ತಾನೆ, ಯಾರೂ ಕಾಲಿಡದ ತೋಟ. ಇತ್ತ ಓರ್ಕ್‌ಗಳು ಹೊತ್ಕೊಂಡು ಹೋದ ಗೋಪುರದ ತುದಿ ಕೋಣೇಲಿ ಫ್ರೋಡೊಗೆ ಎಚ್ಚರ ಆಗುತ್ತೆ, ಮೈಮೇಲೆ ಬಟ್ಟೆ ಇಲ್ಲ, ಉಂಗುರ ಇಲ್ಲ. ನಿಜವಾದ ಕಥೇಲಿ ಸ್ಯಾಮ್ ಅಲ್ಲೇ ಮೆಟ್ಟಿಲ ಮೇಲೆ ಕೂತು, ಎಲ್ಲಾ ಮುಗೀತು ಅನ್ನಿಸ್ದಾಗ ಹಾಡೋಕೆ ಶುರು ಮಾಡ್ತಾನೆ, ಮೇಲಿಂದ ಕ್ಷೀಣವಾಗಿ ಒಂದು ದನಿ ಓಗೊಡುತ್ತೆ. ನನ್ನ ಕಲ್ಪನೇಲಿ ಫ್ರೋಡೊ ಕಿವಿಗೊಟ್ಟು ಕಾಯ್ತಾನೇ ಇರ್ತಾನೆ, ಕೆಳಗೆ ಯಾರೂ ಹಾಡಲ್ಲ. ಇದನ್ನ ಯೋಚ್ನೆ ಮಾಡಿದ ರಾತ್ರಿ ಎದ್ದು ಲೈಟ್ ಹಾಕಿ ಆ ಅಧ್ಯಾಯ ತೆಗೆದು ಓದ್ಕೊಂಡೇ ಮಲಗೋದು ನಾನು.

ಆದ್ರೆ ವರ್ಷಗಳಾದ್ಮೇಲೆ ಗೊತ್ತಾಯ್ತು, ಇವೆಲ್ಲಕ್ಕಿಂತ ಸಂಕಟ ಕೊಡೋದು ಪುಸ್ತಕದಲ್ಲಿ ನಡೆದೇ ಹೋಗಿದೆ ಅಂತ. ಆ ಜೇಡದ ಗುಹೆಗೆ ಮುಂಚೆ ಮೆಟ್ಟಿಲ ಹತ್ರ ಇಬ್ರೂ ನಿದ್ದೆ ಹೋಗಿರ್ತಾರೆ, ಫ್ರೋಡೊ ತಲೆ ಸ್ಯಾಮ್ ಮಡಿಲಲ್ಲಿ. ಹಿಂದೆ ಉಂಗುರ ಇಟ್ಕೊಂಡಿದ್ದ, ಈಗಲೂ ಅದಕ್ಕೇ ಹಂಬಲಿಸೋ ಗೊಲ್ಲಮ್ ಬಂದು ನೋಡ್ತಾ ನಿಲ್ತಾನೆ, ಅವನ ಕಣ್ಣಲ್ಲಿನ ಹೊಳಪು ಆರುತ್ತೆ, ನಡುಗೋ ಕೈಯಲ್ಲಿ ಮೆಲ್ಲಗೆ ಫ್ರೋಡೊ ಮೊಣಕಾಲು ಮುಟ್ತಾನೆ, ಆ ಒಂದು ಗಳಿಗೆ ಅವನು ಬರೀ ದಣಿದ ಮುದುಕ ಅಷ್ಟೇ. ಸ್ಯಾಮ್‌ಗೆ ಎಚ್ಚರ ಆಗುತ್ತೆ, ಗದರ್ತಾನೆ. ಮುಗೀತು. ಕಥೆ ಬರೆದ ಟೋಲ್ಕಿನ್ 1963ರಲ್ಲಿ ಒಬ್ಬ ಓದುಗರಿಗೆ ಬರೆದ ಪತ್ರದಲ್ಲಿ ಇಡೀ ಕಥೇಲಿ ತನಗೆ ಅತೀ ದುರಂತ ಅನ್ನಿಸೋ ಗಳಿಗೆ ಬಹುಶಃ ಇದೇ ಅಂತಾರೆ, ಸ್ಯಾಮ್ ಆಗ ಗೊಲ್ಲಮ್‌ನ ಆ ಬದಲಾವಣೆ ಗಮನಿಸಿದ್ರೆ ಕೊನೆಗೆ ಗೊಲ್ಲಮ್ ಉಂಗುರ ಕಿತ್ಕೊಂಡ್ರೂ ಫ್ರೋಡೊಗೋಸ್ಕರ ತಾನಾಗೇ ಬೆಂಕಿಗೆ ಹಾರ್ತಿದ್ನೇನೋ ಅಂತಲೂ ಬರೀತಾರೆ. ಅಂದ್ರೆ ಬರೆದೋರೂ ನನ್ನ ಥರಾನೇ ಬೇರೆ ಗತಿಗಳನ್ನ ಯೋಚ್ನೆ ಮಾಡ್ಕೊಂಡು ಕೂತಿದ್ರು, ಅದನ್ನ ಓದಿ ನಂಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ!

ಮೊನ್ನೆ ಮತ್ತೆ ಓದ್ವಾಗ ಇನ್ನೊಂದು ಹೊಳೀತು. ಈ ಕಥೆನ ಫ್ರೋಡೊನ ಹಿರಿಯ ಬಂಧು ಬಿಲ್ಬೊ, ಫ್ರೋಡೊ ಬರೆದಿಟ್ರು, ಅವರ ನಾಡು ಶೈರ್‌ನ ಲೆಕ್ಕದ 1421ರಲ್ಲಿ ಕಡಲಾಚೆ ಹೋಗೋ ಹಡಗು ಹತ್ತೋಕೆ ಮುಂಚೆ ಫ್ರೋಡೊ ಆ ಕೆಂಪು ಪುಸ್ತಕ ಸ್ಯಾಮ್ ಕೈಗಿಟ್ಟು ಕೊನೇ ಪುಟಗಳು ನಿನಗೆ ಅಂತಾನೆ. ಸ್ಯಾಮ್ ತಾನು ಹಡಗು ಹತ್ತಿದ್ದು 1482ರಲ್ಲಿ, ಹೆಂಡತಿ ರೋಸಿ ತೀರಿಕೊಂಡ್ಮೇಲೆ. ಮಧ್ಯದ 61 ವರ್ಷ ಆ ಪುಸ್ತಕ ಅವನ ಹತ್ರ ಇತ್ತು. ಹಾಗಾದ್ರೆ ಮೆಟ್ಟಿಲ ಹತ್ರದ ಆ ಗಳಿಗೆ ಬರೆದೋರು ಯಾರು? ಇಬ್ರೂ ನಿದ್ದೇಲಿದ್ರು, ನೋಡಿದ್ದು ಗೊಲ್ಲಮ್ ಒಬ್ಬನೇ, ಅವನು ಬೆಂಕೀಲಿ ಹೋದ. ನನಗನ್ಸೋದು, ಯಾವತ್ತೋ ಒಂದು ರಾತ್ರಿ ಮಕ್ಕಳೆಲ್ಲ ಮಲಗಿದ್ಮೇಲೆ ಸ್ಯಾಮ್ ದೀಪದ ಮುಂದೆ ಕೂತು, ನಾನು ಗದರೋಕೆ ಮುಂಚೆ ಅವನ ಮುಖ ಹೇಗಿದ್ದಿರಬಹುದು ಅಂತ ಕಲ್ಪಿಸ್ಕೊಂಡು ತಾನೇ ಬರೆದಿದಾನೆ.

ರಾತ್ರಿ ಹತ್ತೂವರೆ ಆಗಿದ್ರೂ ತಂಗಿಗೆ ಫೋನ್ ಮಾಡಿ ಹೇಳ್ದೆ. ಅವಳಿಗೀಗ ಒಂದು ಮಗು ಇದೆ, ಹಿಂದೆ ಅದರ ಗಲಾಟೆ ಕೇಳಿಸ್ತಿತ್ತು. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ.

"ಅಂದ್ರೆ ಅವ್ನಿಗೆ ಗೊತ್ತಾಗಿತ್ತಾ ಅಕ್ಕಾ, ತಾನೇನು ಮಾಡ್ದೆ ಅಂತ?"

"ಗೊತ್ತಾಗಿತ್ತು ಕಣೇ" ಅಂದೆ.