ಅವರಪ್ಪನೂ ಹೀಗೇ ಇದ್ದ

18 ಜುಲೈ 2024, ಗುರುವಾರ
ಬಸವನಗುಡಿ

ಶಾಲೆ ಬಿಟ್ಟ ಮೇಲೆ ಪುಟ್ಟಿಯ ತರಗತಿ ಶಿಕ್ಷಕಿ ನನ್ನನ್ನು ನಿಲ್ಲಿಸಿಕೊಂಡರು. ದೂರು ಹೇಳುವುದಕ್ಕೇ ಇರಬೇಕೆಂದು ನಾನು ಮೊದಲೇ ಕ್ಷಮೆ ಕೇಳಲು ಸಿದ್ಧಳಾಗಿದ್ದೆ. "ನಿಮ್ಮ ಮಗಳು ಯಾರಿಗೂ ತೊಂದರೆ ಕೊಡುವವಳಲ್ಲ ಮೇಡಂ, ಅದಕ್ಕೇ ನನಗೆ ಗೊತ್ತಾಗುವುದು ತಡವಾಯಿತು" ಎಂದರು. ಬೋರ್ಡಿನ ಮೇಲಿನ ಐದು ಲೆಕ್ಕಗಳಲ್ಲಿ ಎರಡನ್ನು ಸರಿಯಾಗಿ ಮಾಡಿ ಮೂರನೆಯದರ ನಡುವೆ ನಿಂತುಬಿಡುತ್ತಾಳಂತೆ. ಹೆಸರು ಹಿಡಿದು ಕರೆದರೆ ಆಗಷ್ಟೇ ನಿದ್ದೆಯಿಂದ ಎದ್ದವಳಂತೆ ನೋಡುತ್ತಾಳಂತೆ. ಗಲಾಟೆ ಮಾಡುವ ಹುಡುಗರನ್ನು ಎಲ್ಲರೂ ಬೇಗ ಗುರುತಿಸುತ್ತಾರೆ, ಸುಮ್ಮನೆ ಕೂತ ಹೆಣ್ಣುಮಕ್ಕಳು ತಪ್ಪಿಹೋಗುತ್ತಾರೆ ಎಂದೂ ಹೇಳಿದರು. ಆಮೇಲೆ ಮೆಲ್ಲಗೆ, "ಮನೆಯಲ್ಲೂ ಹೀಗೇ ಇರುತ್ತಾಳಾ?" ಎಂದು ಕೇಳಿದರು.

ನಾನು ಕೂಡಲೇ ಉತ್ತರಿಸಲಾರದೆ ಹೋದೆ. ಒಂದು ಕಾಲಿಗೆ ಕಾಲುಚೀಲ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಆಟೋ ಬಂದು ನಿಂತರೂ ಕೂತಿರುವುದು, ನೀರಿನ ಬಾಟಲಿ ತರಲು ಒಳಗೆ ಹೋದವಳು ಯಾಕೆ ಬಂದೆನೆಂಬುದನ್ನೇ ಮರೆತು ಅಲ್ಲೇ ನಿಲ್ಲುವುದು, ಇವನ್ನೆಲ್ಲ ನಾನು ಮೂರು ವರ್ಷದಿಂದ ಸೋಮಾರಿತನವೆಂದು ಬೈದಿದ್ದೇನೆ. ಒಂದು ಸಲ ಹೊಡೆದೂ ಇದ್ದೇನೆ.

ಸಂಜೆ ಮಳೆಯಲ್ಲೇ ನಮ್ಮ ಮಕ್ಕಳ ಡಾಕ್ಟರ ಬಳಿಗೆ ಹೋದೆವು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವ ಇಲ್ಲವೇ ಅತಿ ಚಡಪಡಿಕೆಯ ತೊಂದರೆ, ಇರಬಹುದು, ಆದರೆ ಇಂದೇ ಹಾಗೆಂದು ಹೇಳಲಾಗದು ಎಂದರು. ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಕನಿಷ್ಠ 6 ಇರಬೇಕು, ಅವು 6 ತಿಂಗಳಿಂದಲಾದರೂ ಕಾಣುತ್ತಿರಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಮುಖ್ಯವಾಗಿ ಶಾಲೆಯಲ್ಲಿ ಮಾತ್ರವಲ್ಲದೆ ಇನ್ನೊಂದು ಕಡೆಯಲ್ಲಾದರೂ ಕಾಣಬೇಕಂತೆ. ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಬೇಕು. ನಿದ್ದೆ ಹೇಗಿದೆಯೆಂದು ನೋಡಬೇಕು. ಆಮೇಲೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಹೋಗಬಹುದು ಎಂದರು. ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದಾಗ, ಯಾರಿಗೂ ಇಲ್ಲವೆಂದು ಖಚಿತವಾಗಿ ಹೇಳಿಬಂದೆ.

ನಿಮ್ಹಾನ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಕೈಯಲ್ಲಿದ್ದ ಮಲ್ಲಿಗೆ ಮೊಗ್ಗುಗಳನ್ನು ಬುಟ್ಟಿಗೆ ಹಾಕಿಬಿಟ್ಟರು. "ಮಗುವನ್ನು ಅಲ್ಲಿಗೆ ಕರಕೊಂಡು ಹೋಗ್ತೀಯೇನಮ್ಮ? ನನ್ನ ಪಕ್ಕ ಕೂತು ಒಂದು ಗಂಟೆ ಹೂ ಕಟ್ಟುತ್ತಾಳೆ, ಅವಳಿಗೆ ಗಮನ ಇಲ್ಲವಂತಾ?" ಎಂದರು. ಇಷ್ಟವಾದ ಕೆಲಸದಲ್ಲಿ ಇಂಥ ಮಕ್ಕಳು ಮುಳುಗಿಹೋಗಬಲ್ಲರು, ಬೇಕೆಂದಾಗ ಗಮನವನ್ನು ಅತ್ತಿಂದಿತ್ತ ತಿರುಗಿಸುವುದೇ ಅವರಿಗೆ ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ವಿವರಿಸಿದೆ. ಅತ್ತೆ ತಲೆಯಾಡಿಸಿ, ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ, "ಅವರಪ್ಪನೂ ಹೀಗೇ ಇದ್ದ. ದೊಡ್ಡವನಾದ ಮೇಲೆ ಸರಿಹೋಗಲಿಲ್ಲವೇ?" ಎಂದರು.

ಡಾಕ್ಟರು ಕೇಳಿದ್ದು ಇದನ್ನೇ ಅಲ್ಲವೇ! ಎಡಿಎಚ್‌ಡಿ ಬಹುಮಟ್ಟಿಗೆ ವಂಶವಾಹಿಗಳಿಂದ ಬರುತ್ತದೆ. ಹತ್ತು ವರ್ಷ ಜೊತೆಗೆ ಬಾಳಿಯೂ ಅವರನ್ನು ನಾನು ಮರೆಗುಳಿ ಎಂದಷ್ಟೇ ತಿಳಿದಿದ್ದೆ. ಅವರು ತಮ್ಮ ತಾಯಿಗೆ ಎದುರು ಮಾತನಾಡಲಿಲ್ಲ. ಪಾತ್ರೆ ತೊಳೆಯುವಾಗ ನನ್ನ ಬಳಿ ಬಂದು, "ಏಳನೇ ಕ್ಲಾಸಿನಲ್ಲಿ ಅರ್ಧ ವರ್ಷ ಬಾಗಿಲಾಚೆಯೇ ನಿಂತಿದ್ದೆ. ಕಣ್ಣು, ಕಿವಿ ತೋರಿಸಲು ನಾಳೆಯೇ ರಜೆ ಹಾಕುತ್ತೇನೆ" ಎಂದಷ್ಟೇ ಹೇಳಿದರು.

ಪುಟ್ಟಿ ಮಲಗಿದ್ದಾಳೆ. ಡಾಕ್ಟರು ಕೊಟ್ಟ ಪ್ರಶ್ನಾವಳಿ ಮುಂದಿದೆ; ಇಂಥದ್ದೇ ಇನ್ನೊಂದನ್ನು ಶಿಕ್ಷಕಿ ತುಂಬಬೇಕು. ಪ್ರತಿ ಪ್ರಶ್ನೆಗೂ ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಬಹಳ ಸಲ ಎಂಬ ನಾಲ್ಕು ಮನೆಗಳಿವೆ. ಮೊದಲೆರಡನ್ನು ಬೇಗ ತುಂಬಿದೆ. ಮೂರನೆಯದು, ನೇರವಾಗಿ ಮಾತನಾಡಿಸಿದಾಗಲೂ ಮಗು ಕೇಳಿಸಿಕೊಳ್ಳದಂತೆ ಇರುತ್ತದೆಯೇ ಎಂಬುದು. ಬಹಳ ಸಲ ಎಂದು ಗುರುತು ಹಾಕಹೋದವಳು ತಡೆದೆ. ನೇರವಾಗಿ ಎಂದಿದೆ. ನಾನು ಅವಳನ್ನು ಕರೆಯುವುದೆಲ್ಲ ಅಡುಗೆಮನೆಯಿಂದ, ಕುಕ್ಕರಿನ ಸೀಟಿಯ ನಡುವೆ. ಎದುರಿಗೆ ಕೂತು, ಮುಖ ನೋಡಿ ಮಾತನಾಡಿಸಿದ್ದು ಈ ವಾರದಲ್ಲಿ ಎಷ್ಟು ಸಲ ಎಂದು ಎಣಿಸುತ್ತಿದ್ದೇನೆ, ಸೋಮವಾರ ರಾತ್ರಿ ಒಮ್ಮೆ, ಆಮೇಲೆ