ದೊಡ್ಡವ್ವ ಮತ್ತು ಒಂದು ಉತಾರ

ನಮ್ಮ ಖಾನಾವಳಿಯಲ್ಲಿ ಬೆಳಿಗ್ಗೆ ಐದಕ್ಕೆಲ್ಲ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಮೊದಲು ಬಂದು ಒಲೆ ಹಚ್ಚುವವರು ದೊಡ್ಡವ್ವ. ಹೆಸರು ಬರೆಯುವುದಿಲ್ಲ, ನಾವೆಲ್ಲ ಕರೆಯುವುದು ಹಾಗೇ. ಸಿಂದಗಿ ಕಡೆಯವರು. ಹನ್ನೊಂದು ತಿಂಗಳು ಇಲ್ಲೇ ವಿಜಯಪುರದ ದರ್ಗಾ ಜೈಲಿನಲ್ಲಿದ್ದರು. ಆದಿಲ್‌ಶಾಹಿ ಕಾಲದಲ್ಲಿ ದಾರಿಹೋಕರು ತಂಗಲಿ ಅಂತ ಕಟ್ಟಿಸಿದ ಸರಾಯಿಯೇ ಮುಂದೆ ಆ ಜೈಲಾಯಿತು.

ಹೊಲದ ಬದುವಿನ ಜಗಳ. ಅಣ್ಣ ತಮ್ಮಂದಿರು ಬಡಿದಾಡಿದರು, ಒಬ್ಬರು ಸತ್ತರು. ಕೇಸಿನಲ್ಲಿ ಮನೆಯವರ ಹೆಸರೆಲ್ಲ ಬಂತು, ಇವರದ್ದೂ. ಏಳನೇ ತಿಂಗಳಿಗೆ ಜಾಮೀನು ಸಿಕ್ಕಿತು. ಆದರೂ ಇನ್ನೂ ನಾಲ್ಕು ತಿಂಗಳು ಒಳಗೇ ಉಳಿದರು. ಉತಾರ, ಅಂದರೆ ಹೊಲದ ಪಹಣಿ, ಕೊಟ್ಟು ಜಾಮೀನು ನಿಲ್ಲುವವರು ಬೇಕಲ್ವಾ? ಊರ ತುಂಬ ಹೊಲ ಇದ್ದವರೇ. ಒಬ್ಬರೂ ಬರಲಿಲ್ಲ. ಕೊನೆಗೆ ತವರಿನ ಕಡೆಯ ಒಬ್ಬ ಮುದುಕರು ಕೋರ್ಟಿಗೆ ಬಂದು ಸಹಿ ಹಾಕಿದರು. ಮುಂದೆ ನಾಲ್ಕು ವರ್ಷ ಕೇಸ್ ನಡೆದು, ಇವರದೇನೂ ತಪ್ಪಿಲ್ಲ ಅಂತ ತೀರ್ಪು ಬಂತು.

ಕೆಲಸಕ್ಕೆ ಸೇರಿಸಿಕೊಂಡಾಗ ನನಗೆ ಇದೆಲ್ಲ ಗೊತ್ತಿತ್ತು. ಆದರೂ ಮೊದಲ ವಾರ ಗಲ್ಲಾದ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡೇ ಓಡಾಡಿದೆ. ಮುಂಚೆ ಅದು ಮೊಳೆಗೆ ನೇತಾಡುತ್ತಿತ್ತು. ಅವರು ನೋಡಿದರು. ನಾಲ್ಕನೇ ದಿನ ಹಿಟ್ಟು ನಾದುತ್ತಾ ಹೇಳಿದರು: "ಯವ್ವಾ, ಕೀಲಿ ನಿನ್ನ ಹಂತೇಕನ ಇರ್ಲಿ. ಎಂದರ ಹತ್ತ ರೂಪಾಯಿ ಕಡಿಮಿ ಬಿದ್ರ ನನ್ನ ಹೆಸರ ಬರ್ತದ." ನನಗೆ ತಲೆ ಎತ್ತಿ ನೋಡಲು ಆಗಲಿಲ್ಲ. ಈಗ ಕೀಲಿ ಮತ್ತೆ ಮೊಳೆಗೆ ಬಂದಿದೆ. ಅವರು ಮಾತ್ರ ಇವತ್ತಿಗೂ ಗಲ್ಲಾದ ಹತ್ತಿರ ಬರುವುದಿಲ್ಲ.

ಹಳೆಯ ಗಿರಾಕಿಯೊಬ್ಬರು ನಮ್ಮಲ್ಲಿ ಊಟದ ಡಬ್ಬಿ ತರಿಸುವುದನ್ನೇ ಬಿಟ್ಟರು. ಜೈಲಿಗೆ ಹೋಗಿ ಬಂದವಳ ಕೈ ರೊಟ್ಟಿ ಬೇಡವಂತೆ. ತೀರ್ಪಿನ ವಿಷಯ ಹೇಳಿದೆ. "ಸುಮ್ಮ ಸುಮ್ಮನ ಯಾರನ್ನರ ಒಳಗ ಹಾಕ್ತಾರೇನ್ರೀ?" ಅಂದರು.

ಹಾಕುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನರಿದ್ದರು. ಅದರಲ್ಲಿ 4.34 ಲಕ್ಷ ಜನ ವಿಚಾರಣೆಯಲ್ಲಿದ್ದವರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತೇ ಆಗಿರಲಿಲ್ಲ. ಆದರೆ ನಮ್ಮ ಜನಕ್ಕೆ ಎಲ್ಲರೂ ಒಂದೇ. ಜಾಮೀನಿನ ಮೇಲೆ ಬಂದರೂ, ನಿರ್ದೋಷಿ ಅಂತ ಬಂದರೂ, ಶಿಕ್ಷೆ ಮುಗಿಸಿ ಬಂದರೂ "ಹೊರಗ ಬಂದಾಳಂತ" ಅನ್ನುವ ಒಂದೇ ಮಾತು. ಶಿಕ್ಷೆ ಮುಗಿಸಿದವರ ಬಗ್ಗೆಯೂ ನನಗೆ ಸಂಕಟವಾಗುತ್ತದೆ. ಕೋರ್ಟು ಇಷ್ಟು ವರ್ಷ ಅಂತ ಲೆಕ್ಕ ಹಾಕಿ ಕೊಟ್ಟಿದ್ದನ್ನು ಅವರು ಅನುಭವಿಸಿ ಬಂದಿರುತ್ತಾರೆ. ಆಮೇಲೂ ಬಾಡಿಗೆ ಮನೆ ಕೊಡುವುದಿಲ್ಲ ಅಂದರೆ ಎಲ್ಲಿಗೆ ಹೋಗಬೇಕು?

ಹೆಣ್ಣುಮಕ್ಕಳಿಗಂತೂ ಇನ್ನೂ ಜಾಸ್ತಿ ಕಷ್ಟ. ಗಂಡಸು ಬಂದರೆ ಹೇಗೋ ಮನೆಯೊಳಗೆ ಕರೆದುಕೊಳ್ಳುತ್ತಾರೆ. ದೊಡ್ಡವ್ವನ ಮೊಮ್ಮಗಳ ನಿಶ್ಚಯಕ್ಕೆ ಬರಬೇಡ ಅಂತ ಸ್ವಂತ ಮಗನೇ ಫೋನ್ ಮಾಡಿ ಹೇಳಿದ. ಬೀಗರ ಮುಂದೆ ಮಾತು ಬರಬಾರದಂತೆ. ಆವತ್ತು ಅವರು ರಜೆ ಹಾಕಲಿಲ್ಲ. ಸಂಜೆಯವರೆಗೂ ರೊಟ್ಟಿ ಬಡಿದರು. ಸಾಕು ಬಿಡ್ರಿ ಅಂದರೂ ಕೇಳಲಿಲ್ಲ.

ಹೋದ ವಾರ ಪಾತ್ರೆ ತೊಳೆಯುತ್ತಾ ಒಂದು ಮಾತು ಕೇಳಿದರು. ಒಳಗೆ ಜೊತೆಯಲ್ಲಿದ್ದ ಹುಡುಗಿಯೊಬ್ಬಳಿಗೆ ಜಾಮೀನಾಗಿದೆ, ನಿಲ್ಲುವವರು ಯಾರೂ ಇಲ್ಲ. "ನಿನ್ನ ಉತಾರ ಕೊಡ್ತಿ ಏನವ್ವಾ?" ಅಂತ. ಬಡ ಕೈದಿಗಳ ಜಾಮೀನಿಗೆ ಹಣದ ನೆರವು ಕೊಡುವ ಕೇಂದ್ರ ಸರ್ಕಾರದ ಯೋಜನೆ 2023ರಿಂದ ಇದೆ. ಹೆಂಗಸರಿಗೂ ಜೈಲಿನಲ್ಲಿ ಇರುವವರಿಗೂ ಸರ್ಕಾರದಿಂದ ಉಚಿತ ವಕೀಲರೂ ಸಿಗುತ್ತಾರೆ. ಇದನ್ನೆಲ್ಲ ಅವರಿಗೆ ಹೇಳಿದೆ. ಹೇಳುತ್ತಿರುವಾಗಲೇ ನಾನು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದೇನೆ ಅಂತ ನನಗೇ ಗೊತ್ತಾಯಿತು. ಅವರ ಊರಿನವರು ಆ ನಾಲ್ಕು ತಿಂಗಳು ಮಾಡಿದ್ದೂ ಇದನ್ನೇ.

ಯಜಮಾನರಿಗೆ ಮನಸ್ಸಿಲ್ಲ. ಹುಡುಗಿ ತಾರೀಖಿಗೆ ಬರದಿದ್ದರೆ ದುಡ್ಡು ನಾವು ಕಟ್ಟಬೇಕಾಗುತ್ತದೆ ಅನ್ನುತ್ತಾರೆ, ಅದು ಖರೆ. ಎರಡು ರಾತ್ರಿ ಮಾತಾಡಿದೆವು. ನನ್ನ ಹೆಸರಿಗೆ ತವರಿನವರು ಕೊಟ್ಟ ಎರಡು ಎಕರೆ ಇದೆ. ಸೋಮವಾರ ಅದರ ಉತಾರ ತೆಗೆಸಿಕೊಂಡು ವಕೀಲರ ಹತ್ತಿರ ಹೋಗುತ್ತೇನೆ. ದೊಡ್ಡವ್ವ ಜೊತೆಗೆ ಬರುತ್ತಾರೆ. ಆವತ್ತು ಮಧ್ಯಾಹ್ನದವರೆಗೆ ಖಾನಾವಳಿ ಬಂದ್.