ಎರಡು ನಿಮಿಷದ ಮುಳ್ಳಿನ ಗಡಿಯಾರ

ಅಕ್ಟೋಬರ್ ಕೊನೆಯ ಶನಿವಾರ. ಬ್ರಿಸ್ಟಲ್‌ನ ಕಾರ್ನ್ ಸ್ಟ್ರೀಟ್‌ನಲ್ಲಿ ತಲೆಯೆತ್ತಿ ನಿಂತಿದ್ದೆ. ಹಳೆಯ ವ್ಯಾಪಾರಿ ಕಟ್ಟಡವಾದ ಎಕ್ಸ್‌ಚೇಂಜ್‌ನ ಎದುರುಗೋಡೆಯ ಗಡಿಯಾರ ನೋಡಲೆಂದೇ ಬಂದವನು ನಾನು. ಅದಕ್ಕೆ ಗಂಟೆ ಮುಳ್ಳು ಒಂದೇ, ನಿಮಿಷದ ಮುಳ್ಳು ಎರಡು! ಒಂದು ಕೆಂಪು, ಇನ್ನೊಂದು ಕಪ್ಪು. ಎರಡರ ನಡುವೆ ಹತ್ತು ನಿಮಿಷದ ಅಂತರ. ಒಂದರ ಹಿಂದೆ ಒಂದು ಸರಿಯುತ್ತವೆ, ಯಾವತ್ತೂ ಕೂಡುವುದಿಲ್ಲ.

ಮುಂದಿರುವುದು ಲಂಡನ್ ಸಮಯ, ಹಿಂದಿರುವುದು ಬ್ರಿಸ್ಟಲ್ ಸಮಯ. ಬ್ರಿಸ್ಟಲ್ ಪಶ್ಚಿಮಕ್ಕಿದೆ, ಸೂರ್ಯ ಇಲ್ಲಿ ನೆತ್ತಿಗೆ ಬರುವುದು ಲಂಡನ್‌ಗಿಂತ ಸುಮಾರು ಹತ್ತು ನಿಮಿಷ ತಡ. ಮೊದಲು ಊರೂರಿಗೂ ಅದರದ್ದೇ ಮಧ್ಯಾಹ್ನ ಇತ್ತು. 1841ರಲ್ಲಿ ಲಂಡನ್‌ನಿಂದ ಇಲ್ಲಿಗೆ ರೈಲು ಬಂತು, ಲಂಡನ್ ಸಮಯವನ್ನೂ ಹೊತ್ತು ತಂತು. ಊರಿನ ಗಡಿಯಾರ ನಂಬಿ ಹೊರಟವರಿಗೆ ರೈಲು ತಪ್ಪುತ್ತದೆ, ಅಲ್ವಾ? ಆದರೂ ಬ್ರಿಸ್ಟಲ್ ತನ್ನ ಸಮಯ ಬಿಟ್ಟುಕೊಟ್ಟಿದ್ದು 1852ರಲ್ಲಿ. ಬಿಟ್ಟರೂ ಆ ಸಮಯದ ಮುಳ್ಳು ಇವತ್ತಿಗೂ ಇಲ್ಲಿದೆ. ನನಗೆ ತುಂಬಾ ಹಿಡಿಸಿದ್ದು ಅದೇ.

ನಮ್ಮಲ್ಲೂ ಹೀಗೇ ಆಗಿತ್ತು. ರೈಲುಗಳು ಮದರಾಸ್ ಟೈಮ್ ಪ್ರಕಾರ ಓಡುತ್ತಿದ್ದವು. 1906ರಲ್ಲಿ ಈಗಿನ ಭಾರತೀಯ ಸಮಯ ಬಂತು. ಯುದ್ಧದ ಹೊತ್ತಿನಲ್ಲಿ, 1942ರಿಂದ 1945ರವರೆಗೆ, ದೇಶದ ಗಡಿಯಾರಗಳನ್ನೇ ಒಂದು ಗಂಟೆ ಮುಂದಿಟ್ಟಿದ್ದರು. ಸೂರ್ಯನ ಲೆಕ್ಕ ಹಿಡಿದರೆ ಬೆಂಗಳೂರು ಇವತ್ತಿಗೂ ಸುಮಾರು ಇಪ್ಪತ್ತು ನಿಮಿಷ ಹಿಂದೆ. ಆ ಇಪ್ಪತ್ತು ನಿಮಿಷ ತೋರಿಸುವ ಮುಳ್ಳೊಂದು ನಮ್ಮ ಯಾವುದಾದರೂ ಗಡಿಯಾರ ಗೋಪುರದಲ್ಲಿ ಇದ್ದಿದ್ದರೆ ಅಂತ ಆಸೆಯಾಯಿತು.

ರಾತ್ರಿ ಅಕ್ಕನ ಮನೆಗೆ ಬಂದೆ. "ಇವತ್ತು ಒಂದು ಗಂಟೆ ಜಾಸ್ತಿ ಮಲಗಬಹುದು ಕಣೋ," ಅಂತ ಭಾವ ಅಡುಗೆಮನೆಯ ಓವನ್ ಗಡಿಯಾರ ತಿರುಗಿಸಿದರು. ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟ ಗಡಿಯಾರಗಳನ್ನು ಮತ್ತೆ ಹಿಂದಕ್ಕೆ ತಿರುಗಿಸುವ, ಅಂದರೆ ಬೇಸಿಗೆ ಸಮಯ ಮುಗಿಯುವ ರಾತ್ರಿ ಅದು.

ಭಾನುವಾರ ಬೆಳಿಗ್ಗೆ ಇಬ್ಬರೂ ಲಂಡನ್ ಅಂಚಿನ ಪೆಟ್ಸ್ ವುಡ್‌ಗೆ ಹೋದೆವು. ಈ ಬೇಸಿಗೆ ಸಮಯಕ್ಕಾಗಿ ಹೋರಾಡಿದ ವಿಲಿಯಂ ವಿಲೆಟ್ ಮನೆ ಕಟ್ಟಿಸುವ ಕೆಲಸದವರು. ಬೆಳಗಿನ ಹೊತ್ತು ಕುದುರೆ ಸವಾರಿ ಹೋದಾಗ, ಬಿಸಿಲೇರಿದರೂ ಮನೆಗಳ ಕಿಟಕಿ ಪರದೆ ಮುಚ್ಚಿರುವುದನ್ನು ಕಂಡು ಸಂಕಟಪಟ್ಟರು. 1907ರಲ್ಲಿ ಸ್ವಂತ ಖರ್ಚಿನಲ್ಲಿ ಪುಟ್ಟ ಪುಸ್ತಿಕೆ ಹಂಚಿದರು. ಏಪ್ರಿಲ್‌ನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ ಮುಂದಿಡಿ ಎಂದರು. ಪಾರ್ಲಿಮೆಂಟ್ ಒಪ್ಪಲಿಲ್ಲ. 1915ರಲ್ಲಿ ತೀರಿಕೊಂಡರು. ಕಾನೂನು ಬಂದಿದ್ದು ಮರುವರ್ಷ, 1916ರ ಮೇ ತಿಂಗಳಲ್ಲಿ, ಯುದ್ಧದ ಮಧ್ಯೆ. ಒಂದೇ ಒಂದು ವರ್ಷ ತಡ! ಓದುವಾಗಲೆಲ್ಲ ಹೊಟ್ಟೆ ಕಿವುಚಿದಂತಾಗುತ್ತದೆ.

ಮರಗಳ ನಡುವೆ ಅವರ ನೆನಪಿನ ಕಲ್ಲಿದೆ. ಅದರ ಮೇಲೊಂದು ನೆರಳು ಗಡಿಯಾರ. ಬೇಸಿಗೆಯ ಗಂಟೆಗಳನ್ನಷ್ಟೇ ಎಣಿಸುತ್ತೇನೆ ಅಂತ ಲ್ಯಾಟಿನ್‌ನಲ್ಲಿ ಬರೆದಿದೆ. ಮೋಡ ಸರಿಯಲಿ ಅಂತ ಸ್ವಲ್ಪ ಹೊತ್ತು ಕಾದೆವು. ಬಿಸಿಲು ಬಂತು. ಫೋನಿನಲ್ಲಿ ಸರಿಯಾಗಿ 12. ಕಲ್ಲಿನ ಮೇಲೆ ನೆರಳು ಒಂದೂಕಾಲಿನ ಹತ್ತಿರ ನಿಂತಿತ್ತು. ಒಂದು ಗಂಟೆ ವಿಲೆಟ್ ಅವರದ್ದು. ಉಳಿದ ಕಾಲು ಗಂಟೆ ಸೂರ್ಯನದ್ದೇ, ಅಕ್ಟೋಬರ್ ಕೊನೆಗೆ ಅವನು ಗಡಿಯಾರಕ್ಕಿಂತ ಅಷ್ಟು ಮುಂದಿರುತ್ತಾನೆ.

"ಇದನ್ನ ಯಾರೂ ತಿರುಗಿಸಲ್ಲ ನೋಡು," ಅಂದರು ಭಾವ.